ಎರೆ ಮಣ್ಣಿನ ರಾಡಿಯಿಂದ ಕಾರಿನ ಒಳನೆಲದ ರಕ್ಷಣೆ

ಹಿಂದೆ ರೈತನ ಮನೆಯ ಮುಂದೆ ಚಕ್ಕಡಿ ನಿಂತಿರುತ್ತಿತ್ತು. ಅದರ ಹಲಗೆಯ ಮೇಲೆ ಬಿದ್ದ ರಾಡಿ ಒಣಗಿ ಸಂದಿನಿಂದ ಕೆಳಗೆ ಉದುರುತ್ತಿತ್ತು. ಮಳೆಯ ನೀರು ನಿಲ್ಲುತ್ತಿರಲಿಲ್ಲ. ಇಂದು ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲೂಕುಗಳಲ್ಲಿಯೂ, ವಾಡಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿಯೂ ಅನೇಕ ರೈತರ ಮನೆಗೆ ಕಾರು ಅಥವಾ ಜೀಪು ಬಂದಿದೆ. ಬೆಳಿಗ್ಗೆ ಹೊಲಕ್ಕೆ, ಮಧ್ಯಾಹ್ನ ಗೊಬ್ಬರದ ಅಂಗಡಿಗೆ, ರಾತ್ರಿ ಅವಸರ ಬಿದ್ದರೆ ಆಸ್ಪತ್ರೆಗೆ ಇದೇ ವಾಹನ ಹೋಗಬೇಕು. ಆದರೆ ಇದರ ಒಳನೆಲ ಚಕ್ಕಡಿಯ ಹಲಗೆಯಂತಲ್ಲ. ನಾಲ್ಕೂ ಕಡೆ ಅಂಚುಳ್ಳ ತಗಡಿನ ಪರಾತದಂತಿದೆ. ಒಳಗೆ ಬಂದ ನೀರು ತಾನಾಗಿ ಹೊರಗೆ ಹೋಗುವುದಿಲ್ಲ.

ಮುಂಗಾರಿನ ಕೊನೆಯ ಮಳೆಗಳಿಂದ ಹಿಡಿದು ಚಳಿಗಾಲದ ಇಬ್ಬನಿಯವರೆಗೆ ಈ ತೇವ ಮಾಡುವ ಹಾನಿ ಏನು, ಅದನ್ನು ಮನೆಮಟ್ಟದಲ್ಲಿ ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎರೆ ಮಣ್ಣಿನ ಗುಣ

ನಮ್ಮ ಭಾಗದ ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಆ ಜೇಡಿಯಲ್ಲಿ ಸ್ಮೆಕ್ಟೈಟ್ ಗುಂಪಿನ ಖನಿಜಗಳು ಪ್ರಧಾನವಾಗಿವೆ. ಇವು ನೀರನ್ನು ತಮ್ಮ ಪದರಗಳ ನಡುವೆ ಹಿಡಿದುಕೊಂಡು ಉಬ್ಬುತ್ತವೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಮಳೆ ನಿಂತು ತಿಂಗಳುಗಳಾದರೂ ಹಿಂಗಾರಿ ಜೋಳ ಹೊಲದಲ್ಲಿ ನಿಲ್ಲುವುದು ಈ ಗುಣದಿಂದಲೇ. ಬೆಳೆಗೆ ವರವಾದ ಇದೇ ಗುಣ ಕಾರಿನ ನೆಲಕ್ಕೆ ಶಾಪ. ಚಿಂಚೋಳಿಯ ಎತ್ತರದ ಭಾಗಗಳ ಕೆಂಪು ಜಂಬಿಟ್ಟಿಗೆ ಮಣ್ಣು ಬೂಟಿನಿಂದ ಬೇಗ ಉದುರುತ್ತದೆ. ಎರೆ ಮಣ್ಣು ಹಾಗಲ್ಲ, ಹೆಜ್ಜೆಗೊಂದು ಪದರ ಅಂಟಿಕೊಂಡು ಬರುತ್ತದೆ. ಹೀಗೆ ಕಾರಿನೊಳಗೆ ಬರುವುದು ಬರೀ ಮಣ್ಣಲ್ಲ, ಮಣ್ಣು ಹಿಡಿದಿಟ್ಟ ನೀರು.

ಕಾರಿನ ನೆಲದ ರಚನೆಯನ್ನೂ ತಿಳಿದಿರಬೇಕು. ಮೇಲೆ ಕಾಣುವುದು ಮ್ಯಾಟು. ಅದರ ಕೆಳಗೆ ಕಾರ್ಪೆಟ್, ಕಾರ್ಪೆಟಿನ ಕೆಳಗೆ ಫೆಲ್ಟ್ ಅಥವಾ ಸ್ಪಂಜಿನ ದಪ್ಪ ಪದರ, ಅದರ ಕೆಳಗೆ ತಗಡು. ಕಾರ್ಪೆಟ್ ಒಂದು ದಿನದ ಬಿಸಿಲಿಗೆ ಒಣಗಿದಂತೆ ಕಂಡರೂ ಕೆಳಗಿನ ಫೆಲ್ಟ್ ಹಲವು ದಿನ ಒದ್ದೆಯಾಗಿಯೇ ಇರುತ್ತದೆ. ನೆಲದ ಮೇಲ್ಪದರ ಆರಿದ್ದರೂ ಒಂದು ಗೇಣು ಕೆಳಗೆ ಹಸಿ ಇರುವುದನ್ನು ರೈತರು ಬಲ್ಲರು.

ಲೇಖಕನ ಅನುಭವ

ಈ ಮಾತನ್ನು ನಾನು ಕಲಿತದ್ದು ನನ್ನ ಕಾರಿನಿಂದಲೇ. ತೊಗರಿ ತಾಕುಗಳನ್ನು ನೋಡಲು ಮಳೆಗಾಲವಿಡೀ ಓಡಾಡುವವನಾದ್ದರಿಂದ ಮ್ಯಾಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಗೋಣಿಚೀಲ ಹಾಸಿ, ನೆಲ ಸುರಕ್ಷಿತವೆಂದು ನಂಬಿದ್ದೆ. ಒಂದು ದಿನ ಸೇಡಂ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕು ಪೂರ್ತಿ ಇಳಿಯಲಿಲ್ಲ. ಜಾರಿದ ಗೋಣಿ ಮಡಿಚಿಕೊಂಡು ಪೆಡಲಿನ ಕೆಳಗೆ ಸೇರಿತ್ತು. ಎಮ್ಮೆಯೂ ನಾನೂ ಉಳಿದದ್ದು ಅದೃಷ್ಟ. ಮನೆಗೆ ಬಂದು ಎಲ್ಲವನ್ನೂ ಕಿತ್ತು ನೋಡಿದಾಗ ಪ್ಲಾಸ್ಟಿಕ್ಕಿನ ಕೆಳಗೆ ಕಾರ್ಪೆಟ್ ಬೂಷ್ಟು ಹಿಡಿದಿತ್ತು. ತಗಡಿನ ಮೇಲೆ ರೂಪಾಯಿ ಅಗಲದ ತುಕ್ಕಿನ ಕಲೆಗಳಿದ್ದವು. ನಾನು ನೀರನ್ನು ತಡೆದಿರಲಿಲ್ಲ, ಮುಚ್ಚಿಟ್ಟಿದ್ದೆ. ಹೊದಿಸುವುದಕ್ಕಿಂತ ಒಣಗಿಸುವುದು ಮುಖ್ಯವೆಂಬುದೇ ಈ ಲೇಖನದ ಸಾರ.

ತೇವದಿಂದಾಗುವ ಹಾನಿಗಳು

1. ಪೆಡಲಿಗೆ ಅಡ್ಡಿ: ಜಾರುವ ಮ್ಯಾಟು, ಬೂಟಿನ ಹಸಿ ರಾಡಿ, ಉರುಳಾಡುವ ನೀರಿನ ಬಾಟಲಿ ಇವು ಬ್ರೇಕಿಗೆ ಅಡ್ಡ ಬಂದರೆ ಪ್ರಾಣಕ್ಕೇ ಅಪಾಯ. ಇದು ಸಣ್ಣ ಮಾತಲ್ಲ. ಮ್ಯಾಟಿಗೆ ಎಕ್ಸಲರೇಟರ್ ಪೆಡಲು ಸಿಕ್ಕಿಕೊಳ್ಳಬಹುದೆಂದು ಟೊಯೋಟಾ ಕಂಪನಿಯು 2009ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಯಿತು.

2. ಗಾಜು ಮಸುಕಾಗುವುದು: ಡಿಸೆಂಬರ್-ಜನವರಿಯ ಮುಂಜಾನೆ ಗಾಜು ತಣ್ಣಗಿರುತ್ತದೆ. ಒದ್ದೆ ನೆಲದಿಂದ ಎದ್ದ ಆವಿ ಗಾಜಿನ ಒಳಮೈಮೇಲೆ ಹನಿಗಟ್ಟಿ ದಾರಿ ಕಾಣದಂತಾಗುತ್ತದೆ.

3. ತುಕ್ಕು: ತಗಡಿನ ಬಣ್ಣ ಸವೆದಲ್ಲಿ ನೀರು ಮತ್ತು ಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ಗೊಬ್ಬರದ ಲವಣ ಸೇರಿದರೆ ಇದು ಬಹು ಬೇಗ ಹರಡುತ್ತದೆ.

4. ಬೂಷ್ಟು ಮತ್ತು ವಾಸನೆ: ಮುಚ್ಚಿದ ಕಾರಿನಲ್ಲಿ ಬೂಷ್ಟಿನ ಕಣಗಳು ಉಸಿರಿನೊಡನೆ ಒಳಸೇರುತ್ತವೆ. ಉಬ್ಬಸ ಇರುವವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಇದು ತೊಂದರೆದಾಯಕ.

5. ವೈರುಗಳ ಕೆಡುಕು: ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ವೈರಿನ ಜೋಡಣೆಗಳಿರುತ್ತವೆ. ತೇವದಿಂದ ಅವು ಹಸಿರುಗಟ್ಟಿ ಕೆಡುತ್ತವೆ.

ನೀರು ಬರುವ ದಾರಿ ಪತ್ತೆ ಮಾಡುವುದು

ಹೊಲದಲ್ಲಿ ನೀರು ನಿಂತಾಗ ಮೊದಲು ಅದು ಎಲ್ಲಿಂದ ಬಂತೆಂದು ನೋಡುತ್ತೇವೆ. ಕಾರಿನಲ್ಲಿಯೂ ಇದೇ ಕ್ರಮ.

ಅ) ಬಾಗಿಲ ಬದಿಯಲ್ಲಿ ಒದ್ದೆಯಿದ್ದರೆ ಬಾಗಿಲ ರಬ್ಬರು ಹರಿದಿರಬಹುದು, ಇಲ್ಲವೆ ಬಾಗಿಲ ತಳದ ಸಣ್ಣ ತೂತುಗಳು ಎರೆ ಮಣ್ಣಿನಿಂದ ಮುಚ್ಚಿರಬಹುದು. ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿದ ಮಳೆನೀರು ಈ ತೂತುಗಳಿಂದಲೇ ಹೊರಹೋಗಬೇಕು. ಕಟ್ಟಿಗೆಯ ಕಡ್ಡಿಯಿಂದ ಇವನ್ನು ಬಿಡಿಸಬೇಕು.

ಆ) ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಬೇವಿನ ಎಲೆ ಮತ್ತು ಕಸ ತುಂಬಿದರೆ ನೀರು ಒಳಗೆ ಇಳಿಯುತ್ತದೆ. ಗಿಡದ ಕೆಳಗೆ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ತೆಗೆಯಬೇಕು.

ಇ) ಮಳೆಯೇ ಇಲ್ಲದ ದಿನವೂ ಮುಂದಿನ ಎಡಗಡೆಯ ನೆಲ ಒದ್ದೆಯಾದರೆ ಏ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ಏ.ಸಿ. ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಸಹಜ. ಸೆಕೆಯ ದಿನದಲ್ಲಿಯೂ ತೊಟ್ಟಿಕ್ಕದಿದ್ದರೆ ಸಂಶಯಪಡಬೇಕು.

ಈ) ಒದ್ದೆಯು ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣಿಸುವ ಕೂಲಂಟ್. ತಡಮಾಡದೆ ಮೆಕ್ಯಾನಿಕ್‌ನಿಗೆ ತೋರಿಸಬೇಕು.

ತಡೆಗಟ್ಟುವ ಕ್ರಮಗಳು

1. ಹೊಲಕ್ಕೊಂದು, ಕಾರಿಗೊಂದು ಕಾಲ್ಮರಿ ಇಡಬೇಕು. ರಾಡಿಯ ಬೂಟುಗಳನ್ನು ಅಂಚುಳ್ಳ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಡಿಕ್ಕಿಯಲ್ಲಿ ಒಯ್ಯಬೇಕು. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

2. ಕಾರು ನಿಲ್ಲಿಸುವಲ್ಲಿ ಒಂದೆರಡು ಶಹಾಬಾದ ಕಲ್ಲು ಹಾಸಿ, ಪಕ್ಕದಲ್ಲಿ ಬೂಟು ತಿಕ್ಕಲು ಒಂದು ಕಬ್ಬಿಣದ ಪಟ್ಟಿ ನೆಡಬೇಕು. ಒಡೆದ ಕಲ್ಲಾದರೂ ಸಾಕು.

3. ಎತ್ತರದ ಅಂಚುಳ್ಳ ರಬ್ಬರ್ ಮ್ಯಾಟನ್ನು ನಿಮ್ಮ ಕಾರಿನ ಮಾದರಿಗೆ ಸರಿಹೊಂದುವಂತೆ ಆರಿಸಬೇಕು. ಚಾಲಕನ ಕಡೆಯ ಮ್ಯಾಟು ಕೊಕ್ಕೆಗೆ ಸಿಕ್ಕಿರಬೇಕು. ಒಂದರ ಮೇಲೊಂದು ಎರಡು ಮ್ಯಾಟು ಹಾಕಕೂಡದು. ಹಾಕಿದ ಮೇಲೆ ಎಂಜಿನ್ ಬಂದ್ ಇರುವಾಗ ಮೂರೂ ಪೆಡಲುಗಳನ್ನು ಪೂರ್ತಿ ಒತ್ತಿ, ಬಿಟ್ಟು ನೋಡಬೇಕು.

4. ಮ್ಯಾಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬಾರದು. ಚಾಲಕನ ಕಾಲ ಬಳಿ ಗೋಣಿಚೀಲ, ಹಳೆಯ ಸೀರೆ, ಪತ್ರಿಕೆ ಯಾವುದನ್ನೂ ಇಡಬಾರದು. ಹಿಂದಿನ ಸೀಟಿನ ಕಡೆ ಗೋಣಿ ಹಾಸಿದಲ್ಲಿ ಅದೇ ಸಂಜೆ ತೆಗೆದು ಒಣಹಾಕಬೇಕು.

ರಾಡಿ ತೆಗೆಯುವ ಮತ್ತು ಒಣಗಿಸುವ ವಿಧಾನ

ಎರೆ ಹೊಲವನ್ನು ಹದ ನೋಡಿ ಹರಗುವಂತೆ ಕಾರಿನ ರಾಡಿಯನ್ನೂ ಹದ ನೋಡಿ ತೆಗೆಯಬೇಕು. ಹಸಿ ಇರುವಾಗ ತಿಕ್ಕಿದರೆ ಜೇಡಿ ಕಾರ್ಪೆಟಿನ ಎಳೆಗಳೊಳಗೆ ಇಳಿಯುತ್ತದೆ. ರಬ್ಬರ್ ಮ್ಯಾಟನ್ನು ಹೊರಗೆ ತೆಗೆದು ಒಣಗಿಸಿದರೆ ಮಣ್ಣು ಕುಗ್ಗಿ ಬಿರಿದು ತಾನೇ ಬಿಡುತ್ತದೆ. ಬಡಿದು ತೊಳೆದರೆ ಸಾಕು. ಕಾರ್ಪೆಟಿನ ಮೇಲೆ ಬಿದ್ದದ್ದನ್ನು ಒಣಗಿದ ನಂತರ ಕಟ್ಟಿಗೆ ಚಕ್ಕೆಯಿಂದ ಎಬ್ಬಿಸಿ, ಬ್ರಷ್ಷಿನಿಂದ ಗುಡಿಸಿ, ಕೊನೆಗೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬೇಕು. ಪೈಪು ಹಿಡಿದು ಒಳಗೆ ನೀರು ಹೊಡೆಯಬಾರದು.

ವಾರಕ್ಕೊಮ್ಮೆ ಕಾರ್ಪೆಟಿನ ಅಂಚೆತ್ತಿ ಮಡಿಚಿದ ಒಣ ಬಟ್ಟೆಯನ್ನು ಫೆಲ್ಟಿನ ಮೇಲೆ ಒತ್ತಿ ನೋಡಬೇಕು. ಬಟ್ಟೆ ಒದ್ದೆಯಾದರೆ ಕಾರ್ಪೆಟನ್ನು ಎತ್ತಿ ಕೆಳಗೆ ಕಟ್ಟಿಗೆ ತುಂಡು ಕೊಟ್ಟು, ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಬೇಕು. ಬೀಸಣಿಗೆ ಫ್ಯಾನಿದ್ದರೆ ಇನ್ನೂ ಒಳಿತು. ಗಾಜು ಮಸುಕಾದಾಗ ಏ.ಸಿ. ಹಾಕಿ, ಉಷ್ಣತೆ ಸ್ವಲ್ಪ ಹೆಚ್ಚಿಸಿ, ಹೊರಗಾಳಿ ಬರುವಂತೆ ಮಾಡಿ ಗಾಜಿನ ಕಡೆ ತಿರುಗಿಸಬೇಕು. ಏ.ಸಿ. ಗಾಳಿಯ ತೇವವನ್ನು ಹೀರುವುದರಿಂದ ಚಳಿಗಾಲದಲ್ಲಿಯೂ ಇದು ಉಪಯುಕ್ತ.

ಗೊಬ್ಬರ ಮತ್ತು ಕೀಟನಾಶಕ

ಯೂರಿಯಾ ಚೀಲ 45 ಕಿ.ಗ್ರಾಂ., ಡಿ.ಎ.ಪಿ. ಚೀಲ 50 ಕಿ.ಗ್ರಾಂ. ತೂಗುತ್ತದೆ. ಒಂದೆರಡು ಚೀಲವಾದರೆ ಕಾರಿನಲ್ಲಿಯೇ ತರುವುದು ವಾಡಿಕೆಯಾಗಿದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದಾಗ ಯೂರಿಯಾ ತಾನೇ ನೀರು ಹೀರಿ ಕರಗತೊಡಗುತ್ತದೆ. ಬೇರೆ ಗೊಬ್ಬರದೊಡನೆ ಬೆರೆತರೆ ಇದಕ್ಕಿಂತ ಕಡಿಮೆ ತೇವದಲ್ಲಿಯೇ ಕರಗುತ್ತದೆ. ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಕಬ್ಬಿಣಕ್ಕೆ ಬಹಳ ಕೆಡುಕು. ಆದ್ದರಿಂದ ಚೀಲದ ಕೆಳಗೆ ತಾಡಪತ್ರಿ ಹಾಸಿ, ಇಳಿಸಿದ ಕೂಡಲೇ ಅದನ್ನು ತೆಗೆಯಬೇಕು. ಚೆಲ್ಲಿದ ಕಾಳನ್ನು ಮೊದಲು ಒಣದಾಗಿಯೇ ಗುಡಿಸಿ, ಅನಂತರ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಒಣಗಿಸಬೇಕು.

ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಔಷಧಿಯನ್ನು ಜನ ಕೂರುವ ಜಾಗದಲ್ಲಿ ತರಲೇಬಾರದು. ಕೀಟನಾಶಕವು ಆಹಾರ ಪದಾರ್ಥ ಮತ್ತು ದನದ ಮೇವಿಗೆ ತಗಲುವಂತೆ ಸಾಗಿಸುವುದನ್ನು 1971ರ ಕೀಟನಾಶಕ ನಿಯಮಗಳು ನಿಷೇಧಿಸಿವೆ. ಬಾಟಲಿಯನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಡಿಕ್ಕಿಯಲ್ಲಿಡಬೇಕು. ಚೆಲ್ಲಿದಲ್ಲಿ ಎಲ್ಲರೂ ಇಳಿದು, ಬಾಗಿಲು ತೆರೆದು, ಕೈಗವಸು ಹಾಕಿಕೊಂಡು ಒಣ ಮಣ್ಣು ಅಥವಾ ಮರಳು ಹರಡಿ ಹೀರಿಸಬೇಕು. ಲೇಬಲಿನ ಮೇಲೆ ಕೆಂಪು ಅಥವಾ ಹಳದಿ ತ್ರಿಕೋನವಿದ್ದರೆ ಅದು ತೀವ್ರ ವಿಷ. ಅಂಥದ್ದು ಹೀರಿದ ಮ್ಯಾಟನ್ನು ಮತ್ತೆ ಬಳಸುವ ಆಸೆ ಬಿಡಬೇಕು.

ಸಿಮೆಂಟಿನ ದೂಳು

ವಾಡಿ, ಸೇಡಂ, ಮಳಖೇಡ ಭಾಗಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣಗಲ್ಲಿನ ಗಣಿಗಳ ಲಾರಿಗಳೂ ಓಡಾಡುತ್ತವೆ. ಸಿಮೆಂಟಿನ ದೂಳು ತುಕ್ಕು ಹಿಡಿಸುವುದಿಲ್ಲವಾದರೂ ಇಬ್ಬನಿಯ ತೇವಕ್ಕೆ ಗಟ್ಟಿಯಾಗಿ ಬಾಗಿಲ ತೂತುಗಳನ್ನು ಕಟ್ಟುತ್ತದೆ, ಗಾಜು ಗೀರುತ್ತದೆ. ಇದನ್ನು ಒಣ ಬಟ್ಟೆಯಿಂದ ತಿಕ್ಕದೆ ಮೊದಲು ಬ್ರಷ್ಷಿನಿಂದ ಹಗುರವಾಗಿ ಝಾಡಿಸಬೇಕು.

ಸುಗ್ಗಿ ಮತ್ತು ಎಳ್ಳಮಾವಾಸ್ಯೆ

ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಅಂಬಲಿ ಮತ್ತು ಭಜ್ಜಿಯ ಪಾತ್ರೆಗಳನ್ನು ಕಾಲ ಬಳಿ ಇಟ್ಟುಕೊಳ್ಳದೆ ಅಂಚುಳ್ಳ ಬುಟ್ಟಿಯಲ್ಲಿ ಒಯ್ಯಬೇಕು. ಹುಳಿ ಅಂಬಲಿ ಫೆಲ್ಟಿಗೆ ಇಳಿದರೆ ವಾಸನೆ ಯುಗಾದಿಯವರೆಗೂ ಹೋಗದು. ರಾಶಿಯ ಕಾಲದಲ್ಲಿ ತೊಗರಿ ಕಾಳು, ಹೊಟ್ಟು ಸಂದುಗಳಲ್ಲಿ ಉಳಿದರೆ ತೇವ ಹಿಡಿಯುತ್ತದೆ. ಇಲಿಗಳೂ ಬಂದು ವೈರು ಕಡಿಯುತ್ತವೆ.

ತುಕ್ಕು ಕಂಡಲ್ಲಿ

ಸಣ್ಣ ತುಕ್ಕನ್ನು ಮರಳು ಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ತಿಕ್ಕಿ, ಪೂರ್ತಿ ಒಣಗಿಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಆರಿದ ಮೇಲೆ ಎರಡು ಕೈ ಬಣ್ಣ ಕೊಡಬೇಕು. ತೇವದ ಮೇಲೆ ಬಣ್ಣ ಬಳಿದರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ. ತೂತು ಬಿದ್ದಿದ್ದರೆ ವೆಲ್ಡಿಂಗ್ ಮಾಡಿಸುವ ಮುನ್ನ ಕಾರ್ಪೆಟ್ ತೆಗೆಸಬೇಕು. ಹಳದಿ ಹೊದಿಕೆಯ ವೈರುಗಳು ಏರ್‌ಬ್ಯಾಗಿಗೆ ಸೇರಿದವು; ಅವನ್ನು ಮುಟ್ಟಬಾರದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಂಥ ಸಂದರ್ಭಗಳಲ್ಲಿ ಕಾರಿನೊಳಗೆ ನೀರು ನುಗ್ಗಿದ್ದರೆ ಚಾವಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಯಬೇಕು.

ನೆನಪಿಡಬೇಕಾದ ವೇಳೆ

ಮೇ ಕೊನೆಗೆ: ಬಾಗಿಲ ರಬ್ಬರು, ತೂತು, ಏ.ಸಿ. ಕೊಳವೆ ಪರೀಕ್ಷೆ.
ಜೂನ್-ಅಕ್ಟೋಬರ್: ಪ್ರತಿ ಸಂಜೆ ಮ್ಯಾಟು ಹೊರಗೆ, ವಾರಕ್ಕೊಮ್ಮೆ ಫೆಲ್ಟ್ ಪರೀಕ್ಷೆ.
ನವೆಂಬರ್: ಮಳೆ ನಿಂತ ಮೇಲೆ ಕಾರ್ಪೆಟ್ ಎತ್ತಿ ಪೂರ್ತಿ ಒಣಗಿಸುವುದು, ತುಕ್ಕಿನ ಚಿಕಿತ್ಸೆ.
ಡಿಸೆಂಬರ್-ಜನವರಿ: ಕಾಳು, ಹೊಟ್ಟು ಗುಡಿಸುವುದು, ಗಾಜಿನ ಒಳಮೈ ಒರೆಸುವುದು.

ಬಸಿಗಾಲುವೆ ಇಲ್ಲದ ಎರೆ ಹೊಲದಲ್ಲಿ ತೊಗರಿ ನಿಲ್ಲದು. ಕಾರಿನ ನೆಲಕ್ಕೆ ರೈತನ ಕೈಯೇ ಬಸಿಗಾಲುವೆ. ಸಂಜೆ ಮನೆಗೆ ಬಂದಾಗ ಮ್ಯಾಟನ್ನು ಎತ್ತಿ ಗೋಡೆಗೆ ಒರಗಿಸಲು ಹಿಡಿಯುವುದು ಎರಡು ನಿಮಿಷ ಮಾತ್ರ. ಈ ರೂಢಿಯನ್ನು ಮೊದಲ ಮಳೆಯಿಂದಲೇ ಹಾಕಿಕೊಂಡಲ್ಲಿ ವಾಹನ ಹೆಚ್ಚು ಕಾಲ ಬಾಳುವುದಲ್ಲದೆ, ಅವಸರದ ರಾತ್ರಿ ಬ್ರೇಕೂ ಗಾಜೂ ಕೈಕೊಡುವುದಿಲ್ಲ.