ಮಂದ್ರವನ್ನು ಹೊತ್ತು ತಂದವರು

ಕಛೇರಿ ಶುರುವಾಗುವ ಮೊದಲು ಮೃದಂಗದವರು ರವೆ ಕಲಸುವುದನ್ನು ನೋಡಿರುತ್ತೀರಿ. ಸ್ವಲ್ಪ ರವೆಗೆ ನೀರು ಚಿಮುಕಿಸಿ, ನಾದಿ, ಎಡಮುಖದ ತೊಪ್ಪಿಗೆ ಒತ್ತಿ ಮೆತ್ತುತ್ತಾರೆ. ಅಲ್ಲಿಯವರೆಗೆ ಬರೀ ಟಪ್ ಎನ್ನುತ್ತಿದ್ದ ಚರ್ಮ ಆಮೇಲೆ ಧುಂ ಎಂದು ಗುಂಯ್ಗುಡುತ್ತದೆ. ತೂಕ ಬಿದ್ದ ಚರ್ಮದ ಕಂಪನ ನಿಧಾನವಾಗಿ ಸ್ವರ ಕೆಳಗಿಳಿಯುತ್ತದೆ. ಮಂದ್ರ ಬೇಕೆಂದರೆ ಎಲ್ಲಾದರೂ ಒಂದು ಕಡೆ ತೂಕ ಸೇರಿಸಲೇಬೇಕು.

ನಾನು ಬೇಸ್ ಗಿಟಾರ್ ನುಡಿಸುವವನು. ಗಣೇಶೋತ್ಸವದ ಪೆಂಡಾಲು, ಮದುವೆ ಆರತಕ್ಷತೆ, ಕಾಲೇಜು ಹಬ್ಬ ಎಂದು ಆರ್ಕೆಸ್ಟ್ರಾಗಳ ಹಿಂದಿನ ಸಾಲಿನಲ್ಲಿ ನಿಂತೇ ವರ್ಷಗಳು ಕಳೆದಿವೆ. ಹೊಸದಾಗಿ ಕಲಿಯುವ ಹುಡುಗರು ಬಂದು “ಯಾವ ಗಿಟಾರ್ ತಗೊಳ್ಳಲಿ?” ಎಂದು ಕೇಳಿದಾಗ ನಾನು ಮೊದಲು ಕೇಳುವುದು, “ಅದು ಯಾವುದರ ಮೂಲಕ ಕೇಳಿಸುತ್ತೆ?” ಎಂದು. ಈ ವಾದ್ಯ ಹುಟ್ಟಿದ ಬಗೆ ತಿಳಿದರೆ ಆ ಮರುಪ್ರಶ್ನೆ ಯಾಕೆಂದು ಅರ್ಥವಾಗುತ್ತದೆ.

ಮೊದಲಿದ್ದದ್ದು ಡಬಲ್ ಬೇಸ್. ಆಳೆತ್ತರದ, ನಿಂತೇ ನುಡಿಸಬೇಕಾದ, ಪಿಟೀಲು ವಂಶದ ಹಿರಿಯಣ್ಣ. 1930ರ ದಶಕದ ಅಮೆರಿಕದಲ್ಲಿ ನೃತ್ಯಸಭಾಂಗಣಗಳು ದೊಡ್ಡದಾದವು, ವಾದ್ಯವೃಂದಗಳಲ್ಲಿ ಟ್ರಂಪೆಟ್ಟು, ಟ್ರಾಂಬೋನುಗಳು ಹೆಚ್ಚಿದವು. ಬೇಸ್‌ನವನು ಬೆರಳು ಬೊಬ್ಬೆ ಬರುವಷ್ಟು ಎಳೆದರೂ ಹತ್ತು ಸಾಲಿನಾಚೆ ಅವನ ಸ್ವರ ಮುಟ್ಟುತ್ತಿರಲಿಲ್ಲ. ಮೇಲಾಗಿ ಸಾಗಾಟದ ಪಾಡು. ಸಿಯಾಟಲ್ ನಗರದಲ್ಲಿ ಪಾಲ್ ಟಟ್‌ಮಾರ್ಕ್ ಎಂಬ ಸಂಗೀತ ಶಿಕ್ಷಕರಿದ್ದರು. ತಂಡದ ಉಳಿದವರೆಲ್ಲ ಒಂದೇ ಕಾರಿನಲ್ಲಿ ನಗುತ್ತಾ ಹೋಗುವಾಗ ಬೇಸ್‌ನವನು ಮಾತ್ರ ತನ್ನ ವಾದ್ಯ ತುಂಬಿದ ಕಾರಿನಲ್ಲಿ ಒಂಟಿಯಾಗಿ ಬರುವುದನ್ನು ಕಂಡು ಅವರಿಗೆ ಮರುಕವಾಯಿತಂತೆ. ಅವರ ಮನೆತನದವರು ಹೇಳಿಕೊಂಡು ಬಂದ ಕಥೆ ಇದು. 1936ರ ಸುಮಾರಿಗೆ ಅವರು ‘ಆಡಿಯೋವಾಕ್ಸ್ 736’ ಎಂಬ ವಾದ್ಯ ತಂದರು. ಟೊಳ್ಳಿಲ್ಲದ ಗಟ್ಟಿಮರ, ವೀಣೆಗಿರುವಂತೆ ಮೆಟ್ಟಿಲುಗಳು, ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ಅನುಕೂಲ, ಒಳಗೆ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್. ಇಂದಿನ ಬೇಸ್ ಗಿಟಾರಿನ ಲಕ್ಷಣಗಳೆಲ್ಲ ಅದರಲ್ಲಿದ್ದವು. ಆದರೆ ಸಿಯಾಟಲ್ ಸುತ್ತಮುತ್ತ ಬಿಟ್ಟು ಅದು ಹಬ್ಬಲಿಲ್ಲ. ಆ ಮನುಷ್ಯನ ಹೆಸರು ಇಂದು ಬೇಸ್ ನುಡಿಸುವವರಲ್ಲೇ ಹಲವರಿಗೆ ಗೊತ್ತಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಲೋಕಕ್ಕೆ ಮುಟ್ಟಿಸಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಓದಿದ್ದು ಲೆಕ್ಕಪತ್ರ, ಗಿಟಾರ್ ನುಡಿಸಲು ಬಾರದು. ಆದರೆ ನುಡಿಸುವವರ ತಕರಾರುಗಳಿಗೆ ಕಿವಿಗೊಡುವ ತಾಳ್ಮೆ ಅವರಲ್ಲಿ ಅಪಾರವಾಗಿತ್ತು. 1951ರಲ್ಲಿ ಅವರು ತಂದ ವಾದ್ಯದ ಹೆಸರು ಪ್ರಿಸಿಷನ್ ಬೇಸ್. ಡಬಲ್ ಬೇಸ್‌ನಲ್ಲಿ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು, ಬೆರಳು ಕೂದಲೆಳೆ ಜಾರಿದರೂ ಅಪಶ್ರುತಿ. ಮೆಟ್ಟಿಲಿದ್ದರೆ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ, ಹೆಸರು ಬಂದದ್ದು ಅದರಿಂದ. ತಂತಿಯ ಉದ್ದ 34 ಅಂಗುಲ. ಇವತ್ತಿಗೂ ಬಹುಪಾಲು ಬೇಸ್‌ಗಳು ಅದೇ ಅಳತೆಯಲ್ಲಿ ತಯಾರಾಗುತ್ತವೆ. ಲಯನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದಲ್ಲಿ ಮಂಕ್ ಮಾಂಟ್ಗೊಮೆರಿ ಅದನ್ನು ಹೆಗಲಿಗೇರಿಸಿದ ಮೇಲೆ ಉಳಿದವರ ಕಣ್ಣೂ ಅದರ ಮೇಲೆ ಬಿತ್ತು.

ವಾದ್ಯ ಕೈಗೆ ಬಂತು. ಅದನ್ನು ಕೇಳಿಸುವುದಿನ್ನೂ ಬಾಕಿಯಿತ್ತು, ಕಷ್ಟವಿದ್ದದ್ದೇ ಅಲ್ಲಿ.

ಬೇಸ್ ಗಿಟಾರಿನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಒಂದು ಸುತ್ತಿನ ಉದ್ದ 8 ಮೀಟರಿಗೂ ಹೆಚ್ಚು, ಹೆಚ್ಚುಕಮ್ಮಿ ಒಂದು ಬಸ್ಸಿನಷ್ಟು. ಇಷ್ಟು ದೊಡ್ಡ ಅಲೆ ಎಬ್ಬಿಸಲು ಸ್ಪೀಕರಿನ ಕಾಗದದ ಶಂಕು ಬಹಳ ಗಾಳಿ ತಳ್ಳಬೇಕು. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಗಟ್ಟಿಯಾಗಿ ಕೇಳಿಸಬೇಕೆಂದರೆ ಅದೇ ಶಂಕು ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಓಡಾಡಬೇಕಾಗುತ್ತದೆ. ಸಾಲದ್ದಕ್ಕೆ ನಮ್ಮ ಕಿವಿಯೇ ಕೆಳಸ್ವರಗಳಿಗೆ ಮಂದ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಗಿಟಾರಿನವನು 30 ವಾಟಿನಲ್ಲಿ ಗೆಲ್ಲುವ ಜಾಗದಲ್ಲಿ ಬೇಸ್‌ನವನಿಗೆ 300 ವಾಟೂ ಸಾಕಾಗದಿರುವುದು ಇದೇ ಕಾರಣಕ್ಕೆ.

ಫೆಂಡರ್ 1952ರಲ್ಲಿ ಬೇಸ್‌ಮನ್ ಆಂಪ್, ಅಂದರೆ ಆಂಪ್ಲಿಫೈಯರ್, ತಂದರು. 26 ವಾಟ್, 15 ಅಂಗುಲದ ಒಂದು ಸ್ಪೀಕರ್. ಕೆಲವೇ ವರ್ಷಗಳಲ್ಲಿ ಅದು 10 ಅಂಗುಲದ ನಾಲ್ಕು ಸ್ಪೀಕರುಗಳ ರೂಪಕ್ಕೆ ಬದಲಾಯಿತು. ನೋಡಲು ಸೊಗಸು, ಆದರೆ ಪೆಟ್ಟಿಗೆಯ ಹಿಂಬದಿ ತೆರೆದಿತ್ತು. ಶಂಕು ಮುಂದೆ ಗಾಳಿ ತಳ್ಳಿದಾಗ ಹಿಂದೆ ಅಷ್ಟೇ ಗಾಳಿ ಎಳೆಯುತ್ತದೆ. ಕೆಳಸ್ವರಗಳಲ್ಲಿ ಈ ಎರಡೂ ಸುತ್ತಿ ಬಂದು ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಬೇಸ್‌ಗಾಗಿ ಕಟ್ಟಿದ ಆ ಆಂಪ್ ಬೇಸ್‌ಗೆ ಅರೆಕೊರೆಯಾಗಿಯೇ ಉಳಿಯಿತು. ಗಿಟಾರಿನವರು ಮಾತ್ರ ಅದಕ್ಕೆ ಮನಸೋತರು. ಜೋರು ಮಾಡಿದಾಗ ಅದು ಒಡೆಯುವ ರೀತಿ ಅವರಿಗೆ ಜೇನಾಯಿತು. 1960ರ ದಶಕದ ಮೊದಲಲ್ಲಿ ಲಂಡನ್ನಿನ ಹಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್, ತಮ್ಮ ಜೊತೆಗಾರರಿಂದ ಇದೇ ಬೇಸ್‌ಮನ್ ನಕ್ಷೆ ಅನುಸರಿಸಿ ಒಂದು ಆಂಪ್ ಕಟ್ಟಿಸಿದರು. ರಾಕ್ ಗಿಟಾರಿನ ಗರ್ಜನೆ ಎಂದು ಜಗತ್ತು ಕೊಂಡಾಡುವ ಮಾರ್ಷಲ್ ನಾದದ ಬೇರು ಒಂದು ಬೇಸ್ ಆಂಪಿನಲ್ಲಿದೆ. ಪಕ್ಕದ ಗಿಟಾರಿನವನು ನನ್ನನ್ನು ಮುಳುಗಿಸುವಾಗೆಲ್ಲ ನಾನು ಇದನ್ನು ನೆನೆಯುತ್ತೇನೆ.

ಇತ್ತ ಅಮೆರಿಕದ ಪೂರ್ವ ಕರಾವಳಿಯಲ್ಲಿ ಎವರೆಟ್ ಹಲ್ ಎಂಬ ಬೇಸ್ ವಾದಕರು ಬೇರೆ ದಾರಿ ಹಿಡಿದಿದ್ದರು. ಡಬಲ್ ಬೇಸ್ ನೆಲಕ್ಕೂರುವ ಕೆಳಗೂಟವಿದೆಯಲ್ಲ, ಅದರ ತುದಿಗೆ ಒಂದು ಮೈಕ್ ಸಿಕ್ಕಿಸಿ ವಾದ್ಯದ ಹೊಟ್ಟೆಯೊಳಗಿಟ್ಟರು. ಆಂಪ್ಲಿಫೈ ಮಾಡಿದ ಪೆಗ್, ಅಂದರೆ ಗೂಟ: ಆಂಪೆಗ್. ಕಂಪನಿಯ ಹೆಸರೂ ಅದೇ ಆಯಿತು. 1960ರಲ್ಲಿ ಅಲ್ಲಿ ಜೆಸ್ ಆಲಿವರ್ ರೂಪಿಸಿದ ಬಿ-15 ಪೋರ್ಟಾಫ್ಲೆಕ್ಸ್ ನನ್ನ ಲೆಕ್ಕದಲ್ಲಿ ಬೇಸ್‌ನವರ ಕಷ್ಟ ಅರಿತು ಮಾಡಿದ ಮೊದಲ ಪೆಟ್ಟಿಗೆ. ಸಾಗಿಸುವಾಗ ಆಂಪ್ ತಲೆಕೆಳಗಾಗಿ ಪೆಟ್ಟಿಗೆಯೊಳಗೆ ಅಡಗುತ್ತದೆ. ವೇದಿಕೆಗೆ ಬಂದ ಮೇಲೆ ಮುಚ್ಚಳ ಮಗುಚಿದರೆ ಆಂಪ್ ಮೇಲೆ, ಸ್ಪೀಕರ್ ಕೆಳಗೆ. ಹಿಂಬದಿ ಮುಚ್ಚಿದ್ದರಿಂದ ಸ್ವರ ಸೋರಲಿಲ್ಲ. ಡೆಟ್ರಾಯ್ಟಿನ ಜೇಮ್ಸ್ ಜೇಮರ್ಸನ್ ಕ್ಲಬ್ಬುಗಳಲ್ಲಿ ಇದನ್ನೇ ಬಳಸಿದರು. ಮೋಟೌನ್ ಸಂಸ್ಥೆಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬಲಗೈಯ ಒಂದೇ ತೋರುಬೆರಳಲ್ಲಿ ಬೇಸ್ ನುಡಿಸಿದ ಮಹಾನುಭಾವ ಅವರು. ವರ್ಷಗಟ್ಟಲೆ ಆ ಹಾಡುಗಳ ಮೇಲೆ ಅವರ ಹೆಸರಿರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇಯ ಒಂದು ಆಲ್ಬಮ್ಮಿನ ಹೊದಿಕೆಯ ಮೇಲೆ ಕೊನೆಗೂ ಅಚ್ಚಾಯಿತು.

ಮೋಟೌನ್ ಸ್ಟುಡಿಯೋದಲ್ಲಿ ಮಾತ್ರ ಜೇಮರ್ಸನ್ ಆಂಪ್ ಮುಂದೆ ಕೂರುತ್ತಿರಲಿಲ್ಲ, ಅವರ ಬೇಸ್ ನೇರ ಮಿಕ್ಸರಿಗೇ ಹೋಗುತ್ತಿತ್ತು. ಇದಕ್ಕೆ ಬೇಕಾದ ಪುಟ್ಟ ಡಬ್ಬಿಯೇ ಡಿಐ ಬಾಕ್ಸ್. ಹೊಸಬರು ಮೊದಲು ಕೊಳ್ಳಬೇಕಾದದ್ದು ಇದನ್ನು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಿಕಪ್ಪಿನಿಂದ ಬರುವ ಸಂಕೇತ ಬಲು ದುರ್ಬಲ. ಉದ್ದ ಕೇಬಲಿನಲ್ಲಿ ಅದರ ಹೊಳಪು ಸೋರುತ್ತದೆ, ದಾರಿಯಲ್ಲಿ ಸಿಕ್ಕಿದ ಕರೆಂಟಿನ ಗದ್ದಲವನ್ನೆಲ್ಲ ಅದು ಮೈಗಂಟಿಸಿಕೊಳ್ಳುತ್ತದೆ. ಡಿಐ ಅದನ್ನು ಮೈಕಿನ ಸಂಕೇತದಂತೆ ಮಾಡಿ ಕೊಡುವುದರಿಂದ ಮೈದಾನದ ಆ ತುದಿಯ ಮಿಕ್ಸರಿಗೂ ಸ್ವಚ್ಛವಾಗಿ ಮುಟ್ಟುತ್ತದೆ. ಕರೆಂಟಿನ ಗುಂಯ್ ಸದ್ದು, ಅಂದರೆ ಹಮ್, ಬಂದರೆ ಡಬ್ಬಿಯ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ದಪ್ಪ ತಂತಿಯ ಮೂರನೇ ಮೆಟ್ಟಿಲ ಸ್ವರ 49. ಹಮ್ ಇದ್ದರೆ ಆ ಸ್ವರ ಹಿಡಿದಾಗ ಎರಡೂ ಒಂದರೊಡನೊಂದು ಉಜ್ಜಿ ತೊನೆದಾಡುತ್ತವೆ. ಶ್ರುತಿ ತಪ್ಪಿತೆಂದು ತಂತಿ ತಿರುಚುತ್ತಾ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕೀಳಬೇಡಿ. ಯಾರು ಹೇಳಿದರೂ ಬೇಡ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಇಪ್ಪತ್ತೇಳು ವರ್ಷದ ಹುಡುಗ. ಒಂದು ಉತ್ಸವದಲ್ಲಿ ಮಳೆ ನಿಂತ ಮೇಲೆ ನಾನು ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದಾಗ ಬಿದ್ದ ಹೊಡೆತ ಈಗಲೂ ಹಲ್ಲಿನಲ್ಲಿ ನೆನಪಿದೆ. ಜನರೇಟರಿಗೆ ನೆಲದ ಅರ್ಥ್ ಕೊಟ್ಟೇ ಇರಲಿಲ್ಲ. ಅಂದಿನಿಂದ ಐವತ್ತು ರೂಪಾಯಿಯ ಟೆಸ್ಟರ್ ಸದಾ ನನ್ನ ಚೀಲದಲ್ಲಿರುತ್ತದೆ. ಹಾಡುವ ಮೊದಲು ಮೈಕಿನ ಜಾಲರಿಗೆ ಮುಟ್ಟಿಸಿ ನೋಡುತ್ತೇನೆ, ಮಿಣುಕಿದರೆ ನುಡಿಸುವುದಿಲ್ಲ.

ತೂಕದ ಕಥೆ ತುದಿ ಮುಟ್ಟಿದ್ದು 1969ರಲ್ಲಿ. ರಾಕ್ ತಂಡಗಳು ಕ್ರೀಡಾಂಗಣಗಳಿಗೆ ಏರಿದ್ದವು. ಆಂಪೆಗ್ ಕಂಪನಿಯ ಬಿಲ್ ಹ್ಯೂಸ್ ಮತ್ತವರ ಬಳಗ 14 ವಾಲ್ವುಗಳ, 300 ವಾಟಿನ ಎಸ್‌ವಿಟಿ ಕಟ್ಟಿತು. ಆಂಪ್ ಒಂದೇ ಹತ್ತಿರ ಹತ್ತಿರ 40 ಕೆ.ಜಿ. ಅದರ ಕೆಳಗೆ 10 ಅಂಗುಲದ ಎಂಟು ಸ್ಪೀಕರುಗಳ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ. ನುಡಿಸುವವರು ಅದನ್ನು ಫ್ರಿಡ್ಜ್ ಎಂದೇ ಕರೆಯುತ್ತಾರೆ. ಆಗಿನ ಸ್ಪೀಕರುಗಳು ಆ ಶಕ್ತಿ ತಾಳದೆ ಒಂದು ಆಂಪಿಗೆ ಎರಡು ಫ್ರಿಡ್ಜ್ ಜೋಡಿಸಬೇಕಾಗುತ್ತಿತ್ತು. ಆ ವರ್ಷದ ಅಮೆರಿಕ ಪ್ರವಾಸಕ್ಕೆ ರೋಲಿಂಗ್ ಸ್ಟೋನ್ಸ್ ಇವನ್ನೇ ಹೊತ್ತೊಯ್ದು ಹೆಸರು ಕಟ್ಟಿಕೊಟ್ಟಿತು. ಅದೇ ತಂಡ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸುವ ಹೊತ್ತಿಗೆ ಲೆಕ್ಕವೇ ಬೇರೆಯಾಗಿತ್ತು. ದೊಡ್ಡ ಕಾರ್ಯಕ್ರಮಗಳಲ್ಲಿ ಜನರ ಎದೆಗೆ ಮುಟ್ಟುವ ಮಂದ್ರ ಬರುವುದು ವೇದಿಕೆಯ ಎರಡೂ ಬದಿಯ ಸೌಂಡ್ ಸಿಸ್ಟಮ್ಮಿನಿಂದ, ಬೇಸ್‌ನವನ ಬೆನ್ನ ಹಿಂದಿನ ಪೆಟ್ಟಿಗೆ ಮುಖ್ಯವಾಗಿ ಅವನಿಗೂ ಅವನ ಸಂಗಡಿಗರಿಗೂ ಕೇಳಿಸಲಿಕ್ಕೆ.

ಇದನ್ನು ಮರೆತು ವೇದಿಕೆಯ ಆಂಪನ್ನೇ ಏರಿಸುತ್ತಾ ಹೋಗುವವರು ಹಾಡುವವರ ಕಿವಿ ಕೆಡಿಸುತ್ತಾರೆ. ನಿಮ್ಮ ಬೇಸ್ ನಿಮಗೇ ಕೇಳಿಸದಿದ್ದರೆ ಮೊದಲು ಪೆಟ್ಟಿಗೆಯನ್ನು ಒಂದು ಗಟ್ಟಿ ಕುರ್ಚಿಯ ಮೇಲಿಡಿ. ಸ್ಪೀಕರ್ ಮೊಣಕಾಲಿಗೆ ಹಾಡುವ ಬದಲು ಕಿವಿಗೆ ಹಾಡಲಿ. ಸಭಾಭವನದ ಮೂಲೆಗೆ ಒರಗಿಸಬೇಡಿ, ಎರಡು ಗೋಡೆ ಮತ್ತು ನೆಲ ಸೇರಿ ಕೆಳಸ್ವರಗಳನ್ನು ಬೇಡದಷ್ಟು ಉಬ್ಬಿಸುತ್ತವೆ, ಯಾವ ಸ್ವರ ನುಡಿಸಿದರೂ ಒಂದೇ ಗುಡುಗು. ಬಯಲಲ್ಲಿ ಆ ಗೋಡೆಗಳ ನೆರವಿರುವುದಿಲ್ಲ. ನಿನ್ನೆಯ ಕಲ್ಯಾಣಮಂಟಪದ ಸೆಟ್ಟಿಂಗ್ ಇಂದಿನ ಪೆಂಡಾಲಿನಲ್ಲಿ ಸೊರಗುವುದು ಆ ಕಾರಣಕ್ಕೆ. ಬೇಸ್ ಗುಂಡಿ ತಿರುಗಿಸುವ ಮುನ್ನ ಮಧ್ಯದ ಗುಂಡಿ ಸ್ವಲ್ಪ ಏರಿಸಿ. ಸ್ವರದ ಮುಖ ಗುರುತು ಸಿಗುವುದು ಅಲ್ಲಿ.

ಕೊಳ್ಳುವಾಗ ವಾಟ್ ಸಂಖ್ಯೆಗೆ ಮರುಳಾಗಬೇಡಿ. 300 ವಾಟಿನಿಂದ 600ಕ್ಕೆ ಹಾರಿದರೆ ಸಿಗುವುದು 3 ಡೆಸಿಬೆಲ್, ಕಿವಿಗೆ ‘ಸ್ವಲ್ಪ ಜೋರಾಯಿತೇನೋ’ ಅನ್ನಿಸುವಷ್ಟು. ಅದೇ ಹಣದಲ್ಲಿ ಅಂಥದೇ ಇನ್ನೊಂದು ಸ್ಪೀಕರ್ ಪೆಟ್ಟಿಗೆ ತಂದರೆ ಹೆಚ್ಚು ಗಾಳಿ ಅಲುಗುತ್ತದೆ. 8 ಓಮ್‌ನ ಎರಡು ಪೆಟ್ಟಿಗೆ ಜೋಡಿಸಿದರೆ ಆಂಪಿಗೆ ಕಾಣುವುದು 4 ಓಮ್. ಆಂಪಿನ ಹಿಂದೆ ಅಚ್ಚು ಮಾಡಿದ ಕನಿಷ್ಠಕ್ಕಿಂತ ಕೆಳಗಿಳಿಯಬಾರದು. ವಾಲ್ವ್ ಆಂಪನ್ನಂತೂ ಸ್ಪೀಕರ್ ಇಲ್ಲದೆ ಒಂದು ಕ್ಷಣವೂ ನುಡಿಸಬಾರದು. ಆಂಪಿನಿಂದ ಸ್ಪೀಕರಿಗೆ ಗಿಟಾರ್ ಕೇಬಲ್ ಹಾಕುವುದು ಇನ್ನೊಂದು ಮಾಮೂಲಿ ತಪ್ಪು. ಜಾಕ್ ಒಂದೇ ಥರ ಕಂಡರೂ ಒಳಗಿನ ತಂತಿ ತೆಳು, ಬಿಸಿಯಾಗಿ ಕೈಕೊಡುತ್ತದೆ.

ಈಗ ನನ್ನ ಆಂಪ್ ಎರಡು ಕೆ.ಜಿ.ಯದ್ದು, ಶಾಲೆಯ ಮಗುವಿನ ಚೀಲದಲ್ಲೂ ಹಿಡಿಸೀತು. ಕ್ಲಾಸ್ ಡಿ ಎಂಬ ವಿಧಾನದಲ್ಲಿ ಟ್ರಾನ್ಸಿಸ್ಟರುಗಳು ಸದಾ ಅರೆತೆರೆದು ಬಿಸಿ ಕಾರುವ ಬದಲು ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ. ಶಾಖ ಕಡಿಮೆಯಾದದ್ದರಿಂದ ಅದನ್ನು ಹೀರುವ ಲೋಹದ ಗಟ್ಟಿಗಳು ಹೋದವು, ವಿದ್ಯುತ್ ಪೂರೈಕೆಯ ಹೊಸ ಬಗೆಯಿಂದ ಭಾರದ ಟ್ರಾನ್ಸ್‌ಫಾರ್ಮರ್ ಹೋಯಿತು. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಮುಂದೆ ಸ್ಪೀಕರುಗಳನ್ನೂ ಹಗುರ ಮಾಡಿತು. ಟಟ್‌ಮಾರ್ಕ್ ಮರುಕಪಟ್ಟ ಆ ಒಂಟಿ ಪ್ರಯಾಣಿಕ ಇಂದು ಬಿಎಂಟಿಸಿ ಬಸ್ಸಿನಲ್ಲಿ ಎಲ್ಲರ ಜೊತೆ ಬರಬಲ್ಲ. ನಾನೇ ಬಂದಿದ್ದೇನೆ.

ಆದರೂ ಪೆಂಡಾಲಿನ ಕೊನೆಯ ಸಾಲಿಗೆ ಮಂದ್ರ ಮುಟ್ಟಿಸುವುದು ಲಾರಿಯಲ್ಲಿ ಬರುವ 18 ಅಂಗುಲದ ಸಬ್‌ವೂಫರುಗಳು. ಒಂದನ್ನು ಇಳಿಸಲು ನಾಲ್ಕು ಹುಡುಗರು ಬೇಕು. ಬೇಸ್‌ನವನ ಬೆನ್ನಿನಿಂದ ಇಳಿದ ತೂಕ ಅವರ ಹೆಗಲಿಗೆ ಹೋಗಿದೆ. ಕಾರ್ಯಕ್ರಮ ರಾತ್ರಿ ಎಂಟಕ್ಕಿದ್ದರೂ ನಾನು ನಾಲ್ಕು ಗಂಟೆಗೇ ಹೋಗುತ್ತೇನೆ. ಲಾರಿ ಹಿಂದಕ್ಕೆ ಬಂದು ನಿಂತಾಗ ಪೆಟ್ಟಿಗೆಯ ಒಂದು ಹಿಡಿ ನಾನೂ ಹಿಡಿಯುತ್ತೇನೆ. ಇಳಿಸುತ್ತಾ ಇಳಿಸುತ್ತಾ, ಇವನ್ನು ವೇದಿಕೆಯ ಎರಡು ಬದಿಗೆ ಹಂಚುವುದೋ, ನಡುವೆ ಒಟ್ಟಿಗೆ ಇಡುವುದೋ ಎಂದು ಅವರ ಜೊತೆ ಮಾತಿಗೆ ತೊಡಗುತ್ತೇನೆ.