ಸೈಕಲ್ ಪ್ರವಾಸಕ್ಕೆ ಯಾವ ಕ್ಯಾಮೆರಾ?

ಪ್ರಶ್ನೆ: ಕಾರವಾರದಿಂದ ಮಂಗಳೂರಿಗೆ ಕರಾವಳಿಯುದ್ದಕ್ಕೂ ಸೈಕಲ್ ತುಳಿಯಬೇಕೆಂದಿದ್ದೇವೆ. ಮನೆಯಲ್ಲಿರುವ ಡಿಎಸ್‌ಎಲ್‌ಆರ್ ಒಯ್ಯಲೇ, ಮೊಬೈಲ್ ಸಾಕೇ?

ಉತ್ತರ: ಡಿಎಸ್‌ಎಲ್‌ಆರ್ ಮನೆಯಲ್ಲೇ ಇರಲಿ. ತೂಕದ ಮಾತು ಆಮೇಲೆ. ಅದು ಕ್ಯಾರಿಯರ್ ಚೀಲದ ತಳ ಸೇರುತ್ತದೆ. ನೀವು ಇಳಿದು, ಸ್ಟ್ಯಾಂಡ್ ಹಾಕಿ, ಬಕಲ್ ಬಿಚ್ಚುವಷ್ಟರಲ್ಲಿ ಹೊನ್ನಾವರದ ಶರಾವತಿ ಸೇತುವೆಯಡಿ ಹೊರಟಿದ್ದ ದೋಣಿ ಆಚೆ ದಡ ಮುಟ್ಟಿರುತ್ತದೆ. ಸೈಕಲ್ ಸವಾರರಿಗೆ ಬೇಕಿರುವುದು ಒಂದೇ ಕೈಯಲ್ಲಿ ಹೊರಬರುವ ಕ್ಯಾಮೆರಾ.

ನನ್ನನ್ನು ಕೇಳಿದರೆ ರಿಕೋ ಜಿಆರ್ 3. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಒಳಗಿರುವುದು ಮಾತ್ರ ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿರುವಂಥ ಎಪಿಎಸ್-ಸಿ ಸೆನ್ಸರ್. ಜೂಮ್ ಇಲ್ಲ, ಹಕ್ಕಿಗಳ ಆಸೆ ಬಿಡಿ. ಮಳೆ, ಧೂಳಿಗೂ ಆಗಿಬರುವುದಿಲ್ಲ. ಜುಲೈನಲ್ಲೇ ಹೊರಡುವ ಹಟವಿದ್ದರೆ ಒಲಿಂಪಸ್ ಟಿಜಿ-6 ನೋಡಿ. 15 ಮೀಟರ್ ಆಳದ ನೀರಿನಲ್ಲೂ ಕೆಲಸ ಮಾಡುತ್ತದೆ. ಆದರೆ ಸೆನ್ಸರ್ ಪುಟ್ಟದು, ಮುಸ್ಸಂಜೆಯ ಚಿತ್ರಗಳು ಕಾಳುಕಾಳಾಗುತ್ತವೆ. ಎರಡನ್ನೂ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು.

ದುಡ್ಡು ಖರ್ಚು ಮಾಡುವ ಮನಸ್ಸಿಲ್ಲವೇ? ಮೊಬೈಲ್ ಧಾರಾಳ ಸಾಕು. ಅದನ್ನು ಹ್ಯಾಂಡಲ್‌ಗೆ ಮಾತ್ರ ಸಿಕ್ಕಿಸಬೇಡಿ. ಮೋಟರ್‌ಸೈಕಲ್ ಎಂಜಿನ್ನಿನ ನಡುಕದಿಂದ ಐಫೋನ್ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ಸೈಕಲ್‌ಗೆ ಎಂಜಿನ್ ಇಲ್ಲ, ನಿಜ, ನಮ್ಮ ರಸ್ತೆಗಳಿವೆಯಲ್ಲ!

ಯಾವುದೇ ಒಯ್ದರೂ, ಕಡಲತೀರದಲ್ಲಿ ಲೆನ್ಸ್ ಮೇಲಿನ ಮರಳನ್ನು ಮೊದಲು ರಬ್ಬರ್ ಬಲ್ಬಿನಿಂದ ಊದಿ, ಬಟ್ಟೆಯಿಂದ ಒರೆಸುವುದು ಆಮೇಲೆ. ಇಲ್ಲದಿದ್ದರೆ ಗೀರು ಖಾಯಂ.