ಕಬ್ಬಿಣದ ಅತಿವಾಹಕಗಳಿಗೆ ಕಾವಿನ ಹದ

ಮೂರು ಹೊಲಿಗೆ ಸೂಜಿಗಳನ್ನು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಇಡಿ. ಎರಡನೆಯದನ್ನು ಇಕ್ಕಳದಲ್ಲಿ ಹಿಡಿದು ಬುನ್ಸೆನ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ. ಬಳಿಕ ಜ್ವಾಲೆಯಿಂದ ಸ್ವಲ್ಪಸ್ವಲ್ಪವಾಗಿ ಮೇಲೆತ್ತುತ್ತ ನಿಧಾನವಾಗಿ ಆರಲು ಬಿಡಿ. ಮೂರನೆಯದನ್ನೂ ಕೆಂಪಗೆ ಕಾಯಿಸಿ, ಥಟ್ಟನೆ ತಣ್ಣೀರಿನಲ್ಲಿ ಅದ್ದಿ. ಈಗ ಮೂರನ್ನೂ ಇಕ್ಕಳಗಳಿಂದ ಹಿಡಿದು ಬಗ್ಗಿಸಿ ನೋಡಿ. (ಕಣ್ಣಿಗೆ ರಕ್ಷಕ ಕನ್ನಡಕವಿರಲಿ.) ಮೊದಲನೆಯದು ಸ್ಪ್ರಿಂಗಿನಂತೆ ಪುಟಿಯುತ್ತದೆ. ಎರಡನೆಯದು ಮೆತ್ತಗೆ ಬಾಗಿ ಹಾಗೆಯೇ ಉಳಿಯುತ್ತದೆ. ಮೂರನೆಯದು ಪಟ್ಟನೆ ಮುರಿಯುತ್ತದೆ.

ಮೂರರಲ್ಲೂ ಇರುವುದು ಅದೇ ಕಬ್ಬಿಣ, ಅದೇ ಇಂಗಾಲ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಪರಮಾಣುಗಳು ಒಳಗೆ ಹೇಗೆ ಜೋಡಣೆಗೊಂಡಿವೆ ಎಂಬುದರಿಂದ. ಕುಲುಮೆಯ ಮುಂದೆ ಕುಳಿತ ಕಮ್ಮಾರನಿಗೆ ಈ ಗುಟ್ಟು ಶತಮಾನಗಳಿಂದ ಗೊತ್ತು. ಅದೇ ಗುಟ್ಟು 2008ರ ನಂತರ ಭೌತವಿಜ್ಞಾನಿಗಳನ್ನು ಬೇರೊಂದು ಬಗೆಯಲ್ಲಿ ಕಾಡಿತು. ಈ ಬಾರಿಯ ವಸ್ತುವಿನಲ್ಲೂ ಇದ್ದುದು ಕಬ್ಬಿಣವೇ. ಆದರೆ ಅದು ಅತಿವಾಹಕವಾಗಿತ್ತು.

ಕಬ್ಬಿಣವೂ ಅತಿವಾಹಕವೆ?

ಕೆಲವು ವಸ್ತುಗಳನ್ನು ಒಂದು ನಿರ್ದಿಷ್ಟ ತಾಪಕ್ಕಿಂತ ಕೆಳಗೆ ತಣಿಸಿದಾಗ ಅವುಗಳ ವಿದ್ಯುತ್ ರೋಧ ಸಂಪೂರ್ಣವಾಗಿ ಮಾಯವಾಗುತ್ತದೆ. ಇದೇ ಅತಿವಾಹಕತೆ. ಆ ತಾಪಕ್ಕೆ ಕ್ರಾಂತಿಕ ತಾಪ ಎಂದು ಹೆಸರು. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಇದನ್ನು ಮೊದಲು ಕಂಡರು. ಅದರ ಕ್ರಾಂತಿಕ ತಾಪ ಸುಮಾರು 4.2 ಕೆಲ್ವಿನ್. 1986ರಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಇನ್ನೂ ಮೇಲಿನ ತಾಪದಲ್ಲಿ ಅತಿವಾಹಕತೆಯನ್ನು ಕಂಡುಹಿಡಿದರು.

ಕಬ್ಬಿಣದ ಕಡೆಗೆ ಮಾತ್ರ ಹೆಚ್ಚಿನವರು ತಿರುಗಿ ನೋಡಿರಲಿಲ್ಲ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಕಬ್ಬಿಣದಂಥ ಕಾಂತೀಯ ಪರಮಾಣುಗಳು ಈ ಜೋಡಿಗಳನ್ನು ಮುರಿಯುತ್ತವೆ ಎಂಬುದು ರೂಢಿಯ ತಿಳಿವಳಿಕೆ. ಜಪಾನಿನ ಹಿಡಿಯೊ ಹೊಸೊನೊ ಅವರ ತಂಡ ಈ ನಂಬಿಕೆಯನ್ನು ಅಲುಗಿಸಿತು. 2008ರಲ್ಲಿ ಲ್ಯಾಂಥನಮ್, ಆಮ್ಲಜನಕ, ಕಬ್ಬಿಣ, ಆರ್ಸೆನಿಕ್‌ಗಳ ಸಂಯುಕ್ತಕ್ಕೆ ಸ್ವಲ್ಪ ಫ್ಲೋರೀನ್ ಸೇರಿಸಿದಾಗ 26 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡುಬಂತು. ಲ್ಯಾಂಥನಮ್ ಜಾಗದಲ್ಲಿ ಸಮೇರಿಯಮ್ ಇಟ್ಟಾಗ, ಅದೇ ವರ್ಷ, ಈ ಅಂಕಿ ಸುಮಾರು 55ಕ್ಕೇರಿತು.

ಈ ಕುಟುಂಬದ ಎಲ್ಲ ಸದಸ್ಯರ ಒಳರಚನೆಯಲ್ಲೂ ಒಂದು ಸಾಮ್ಯವಿದೆ. ಕಬ್ಬಿಣದ ಪರಮಾಣುಗಳ ಚಪ್ಪಟೆ ಪದರ, ಅದರ ಮೇಲೂ ಕೆಳಗೂ ಆರ್ಸೆನಿಕ್ ಇಲ್ಲವೆ ಸೆಲೆನಿಯಮ್ ಪರಮಾಣುಗಳು. ಇಂಥ ಪದರಗಳು ಒಂದರ ಮೇಲೊಂದು ಪೇರಿಕೊಂಡಿರುತ್ತವೆ. ಈ ಪದರಗಳು ತೀರ ಸೂಕ್ಷ್ಮ ಸ್ವಭಾವದವು. ಪರಮಾಣುಗಳ ಲೆಕ್ಕ ಕೊಂಚ ತಪ್ಪಿದರೂ, ಜಾಲಕ ಸ್ವಲ್ಪ ಹಿಗ್ಗಿದರೂ ಕುಗ್ಗಿದರೂ ಗುಣ ಬದಲಾಗುತ್ತದೆ. ಉಷ್ಣೋಪಚಾರದ ಪಾತ್ರ ಬರುವುದು ಇಲ್ಲಿಯೇ.

ನೂರಕ್ಕೆ ಎರಡರ ವ್ಯತ್ಯಾಸ

ಕಬ್ಬಿಣದ ಸೆಲೆನೈಡನ್ನು ನೋಡಿ. ಕುಟುಂಬದ ಅತಿ ಸರಳ ಸದಸ್ಯ ಇದು. ತೈವಾನಿನ ವಿಜ್ಞಾನಿಗಳು 2008ರಲ್ಲಿ ಇದರಲ್ಲಿ ಸುಮಾರು 8 ಕೆಲ್ವಿನ್‌ನ ಅತಿವಾಹಕತೆಯನ್ನು ವರದಿ ಮಾಡಿದರು. ಆದರೆ ಎಲ್ಲ ನಮೂನೆಗಳೂ ಒಂದೇ ರೀತಿ ವರ್ತಿಸಲಿಲ್ಲ. 2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಕಾರಣ ತೋರಿಸಿತು. 100 ಸೆಲೆನಿಯಮ್ ಪರಮಾಣುಗಳಿಗೆ 101 ಕಬ್ಬಿಣದ ಪರಮಾಣುಗಳಿದ್ದರೆ ವಸ್ತು 8.5 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. 103 ಇದ್ದರೆ ಅತಿವಾಹಕತೆಯೇ ಇಲ್ಲ!

ಹದ ತಪ್ಪದಂತೆ ಇದನ್ನು ತಯಾರಿಸುವುದು ಹೇಗೆ? ನಮಗೆ ಬೇಕಾದ ಚೌಕರಚನೆಯ ಸೆಲೆನೈಡು ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸ್ಥಿರವಲ್ಲ. ಸುಮಾರು 300 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ಟರೆ ಅದು ನಿಧಾನವಾಗಿ ಷಟ್ಕೋನ ರಚನೆಗೆ ತಿರುಗತೊಡಗುತ್ತದೆ. ಆದ್ದರಿಂದ ಈ ಎರಡರ ನಡುವಿನ ತಾಪದಲ್ಲಿ ದಿನಗಟ್ಟಲೆ ಕಾಯಿಸಿಟ್ಟು, ಬಳಿಕ ಬೇಗನೆ ತಣಿಸಬೇಕು. ಹೀಗೆ ಕಾವಿನಲ್ಲಿಟ್ಟು ಹದಗೊಳಿಸುವ ಕ್ರಿಯೆಗೆ ಅನೀಲಿಂಗ್ ಎನ್ನುತ್ತಾರೆ.

ಒಂದೇ ಹರಳು, ಎರಡು ಸ್ವಭಾವ

ಉಷ್ಣೋಪಚಾರದ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕ್ಯಾಲ್ಸಿಯಮ್, ಕಬ್ಬಿಣ, ಆರ್ಸೆನಿಕ್‌ಗಳು 1:2:2 ಪ್ರಮಾಣದಲ್ಲಿ ಸೇರಿದ ಸಂಯುಕ್ತದಲ್ಲಿ. ಇದರ ಹರಳುಗಳನ್ನು ಕರಗಿದ ತವರದಲ್ಲಿ ಬೆಳೆಸಬಹುದು, ಅಥವಾ ಕಬ್ಬಿಣ-ಆರ್ಸೆನಿಕ್ ದ್ರವದಲ್ಲೂ ಬೆಳೆಸಬಹುದು. ತವರದಲ್ಲಿ ಬೆಳೆದ ಹರಳನ್ನು ತಣಿಸಿದಾಗ ಸುಮಾರು 170 ಕೆಲ್ವಿನ್‌ನಲ್ಲಿ ಅದರ ಚೌಕರಚನೆ ತುಸು ಓರೆಯಾಗುತ್ತದೆ. ಜೊತೆಗೆ ಕಬ್ಬಿಣದ ಪರಮಾಣುಗಳ ಕಾಂತದಿಕ್ಕುಗಳು ಒಂದಕ್ಕೊಂದು ವಿರುದ್ಧವಾಗಿ ಜೋಡಣೆಗೊಳ್ಳುತ್ತವೆ.

ಅಮೆರಿಕದ ಏಮ್ಸ್ ಪ್ರಯೋಗಾಲಯದವರು 2011ರಲ್ಲಿ ಎರಡನೆಯ ವಿಧಾನದ ಹರಳುಗಳನ್ನು ಪರೀಕ್ಷಿಸಿದರು. 960 ಡಿಗ್ರಿಯಿಂದ ಥಟ್ಟನೆ ತಣಿಸಿದ ಹರಳುಗಳಲ್ಲಿ ಆ ಕಾಂತಜೋಡಣೆ ಕಾಣಲೇ ಇಲ್ಲ. ಬದಲಿಗೆ, 100 ಕೆಲ್ವಿನ್‌ಗಿಂತ ಕೆಳಗೆ ಹರಳಿನ ಎತ್ತರ ಸುಮಾರು ನೂರಕ್ಕೆ ಹತ್ತರಷ್ಟು ಕುಸಿದು, ಕಬ್ಬಿಣದ ಕಾಂತತೆಯೇ ಅಳಿದುಹೋಯಿತು. ಈ ಕುಸಿತ ವಿಜ್ಞಾನಿಗಳಿಗೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ಅದನ್ನು ಕಾಣಲು ಹರಳನ್ನು ಸಾವಿರಾರು ವಾಯುಭಾರದ ಒತ್ತಡಕ್ಕೆ ಒಳಪಡಿಸಬೇಕಾಗಿತ್ತು. ಇಲ್ಲಿ ಹೊರಗಿನ ಒತ್ತಡವೇ ಇರಲಿಲ್ಲ. ಇಂಥದೇ ಹರಳನ್ನು 400 ಡಿಗ್ರಿಯಲ್ಲಿ ಒಂದು ವಾರ ಅನೀಲ್ ಮಾಡಿದಾಗ ಅದು ತವರದಲ್ಲಿ ಬೆಳೆದ ಹರಳಿನಂತೆಯೇ ವರ್ತಿಸಿತು!

ಹಾಗಾದರೆ ಒತ್ತಿದವರು ಯಾರು? ಸಕ್ಕರೆ ಪಾಕವನ್ನು ನೆನಪಿಸಿಕೊಳ್ಳಿ. ಬಿಸಿ ನೀರಿನಲ್ಲಿ ಹೆಚ್ಚು ಸಕ್ಕರೆ ಕರಗುತ್ತದೆ. ಪಾಕ ನಿಧಾನವಾಗಿ ಆರಿದರೆ ಹೆಚ್ಚುವರಿ ಸಕ್ಕರೆ ದೊಡ್ಡ ಕಲ್ಲುಸಕ್ಕರೆಯಾಗಿ ಬೇರ್ಪಡುತ್ತದೆ, ಬೇಗ ಆರಿದರೆ ಪುಡಿಪುಡಿ ಹರಳಾಗುತ್ತದೆ. ಹಾಗೆಯೇ 960 ಡಿಗ್ರಿಯಲ್ಲಿ ಈ ಹರಳು ತನ್ನೊಳಗೆ ಅಲ್ಪ ಪ್ರಮಾಣದ ಹೆಚ್ಚುವರಿ ಕಬ್ಬಿಣ-ಆರ್ಸೆನಿಕ್ಕನ್ನು ಘನದ್ರಾವಣವಾಗಿ ಇಟ್ಟುಕೊಂಡಿರುತ್ತದೆ. ಥಟ್ಟನೆ ತಣಿಸಿದರೆ ಅದು ದೂರ ಸರಿಯಲು ಸಮಯವಿಲ್ಲ. ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಹರಳಿನ ತುಂಬ ಹರಡಿ, ಸುತ್ತಲಿನ ಜಾಲಕವನ್ನು ಬಿಗಿಹಿಡಿಯುತ್ತದೆ. ಈ ಒಳಬಿಗಿತವೇ ಒತ್ತಡದ ಕೆಲಸ ಮಾಡುತ್ತದೆ. 400 ಡಿಗ್ರಿಯಲ್ಲಿ ಒಂದು ವಾರ ಇಟ್ಟಾಗ ಪರಮಾಣುಗಳು ವಿಸರಣದಿಂದ ಸಾಗಿ ದೊಡ್ಡ, ವಿರಳ ಕಣಗಳಾಗುತ್ತವೆ. ಬಿಗಿತ ಸಡಿಲುತ್ತದೆ.

ಈ ತಂಡ ಅಲ್ಲಿಗೇ ನಿಲ್ಲಲಿಲ್ಲ. ಕಬ್ಬಿಣದ ಕೆಲ ಭಾಗದ ಬದಲು ಕೋಬಾಲ್ಟ್ ಸೇರಿಸಿ, ಬೇರೆಬೇರೆ ತಾಪಗಳಲ್ಲಿ ಅನೀಲ್ ಮಾಡಿತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೋಬಾಲ್ಟಿನ ಪ್ರಮಾಣ ಮತ್ತು ಅನೀಲಿಂಗ್ ತಾಪ, ಈ ಎರಡನ್ನು ಆಯ್ದು ಹರಳನ್ನು ಕಾಂತೀಯವಾಗಿಸಬಹುದು, ಅತಿವಾಹಕವಾಗಿಸಬಹುದು, ಎರಡೂ ಅಲ್ಲದಂತೆಯೂ ಮಾಡಬಹುದು. ಒತ್ತಡ ಯಂತ್ರದ ಕೆಲಸವನ್ನು ಕುಲುಮೆಯೇ ಮಾಡಿತು.

ಕಾವು ಕೊಟ್ಟರೆ ಯಾವಾಗಲೂ ಒಳಿತೆ?

ಅಲ್ಲ. ಸ್ಟ್ರಾನ್ಷಿಯಮ್-ಕಬ್ಬಿಣ-ಆರ್ಸೆನಿಕ್ ಹರಳು ಶುದ್ಧವಾಗಿದ್ದಾಗ ಸಾಮಾನ್ಯ ಒತ್ತಡದಲ್ಲಿ ಅತಿವಾಹಕವಾಗಬಾರದು. ಆದರೆ 2009ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ಕೆಲವು ಹರಳುಗಳಲ್ಲಿ 21 ಕೆಲ್ವಿನ್‌ನ ಅತಿವಾಹಕತೆಯ ಸುಳಿವು ಕಂಡರು. ಹರಳನ್ನು ಹಗುರಾಗಿ ಕಾಯಿಸಿದಾಗ ಆ ಗುಣ ಮಾಯವಾಯಿತು. ಹರಳಿಗೆ ಮತ್ತೆ ಪೆಟ್ಟು, ಒತ್ತು ಕೊಟ್ಟು ವಿರೂಪಗೊಳಿಸಿದಾಗ ಮರಳಿ ಬಂತು. ಅದು ಜಾಲಕದ ವಿರೂಪದಿಂದ ಹುಟ್ಟಿದ ಗುಣ ಎಂಬುದು ಹೀಗೆ ತಿಳಿಯಿತು. ಇಲ್ಲಿ ಕಾವು ಪರೀಕ್ಷಕನ ಕೆಲಸ ಮಾಡಿತು.

ಪೊಟ್ಯಾಸಿಯಮ್-ಕಬ್ಬಿಣ-ಸೆಲೆನಿಯಮ್ ಹರಳಿನದು ಇನ್ನೊಂದು ರೀತಿ. 2010ರಲ್ಲಿ ಚೀನಾದಲ್ಲಿ ಕಂಡುಬಂದ ಈ ವಸ್ತು ಸುಮಾರು 30 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಆದರೆ ತಣಿಯುವಾಗ ಇದು ಎರಡು ಪ್ರಾವಸ್ಥೆಗಳಾಗಿ ಒಡೆಯುತ್ತದೆ: ಹೆಚ್ಚಿನ ಭಾಗ ಕಾಂತೀಯ ಅವಾಹಕ, ಕಡಿಮೆ ಭಾಗ ಅತಿವಾಹಕ. ಗದ್ದೆ ಬಯಲನ್ನು ಕಲ್ಪಿಸಿಕೊಳ್ಳಿ. ಬದುಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಕಾಲು ಕೆಸರಾಗದೆ ಬಯಲನ್ನು ದಾಟಬಹುದು. ನಿಧಾನವಾಗಿ ತಣಿಸಿದ ಹರಳಿನಲ್ಲಿ ಅತಿವಾಹಕ ಭಾಗ ಚದರಿದ ದಿಬ್ಬಗಳಂತೆ ಉಳಿಯುತ್ತದೆ. ಥಟ್ಟನೆ ತಣಿಸಿದರೆ ಬದುಗಳ ಜಾಲದಂತೆ ಕೂಡಿಕೊಂಡು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಅಂದರೆ ಇಲ್ಲಿ ಬೇಕಾದದ್ದು ತಾಳ್ಮೆಯಲ್ಲ, ವೇಗ.

ದ್ರಾಕ್ಷಾಮದ್ಯದ ಉಪಚಾರ!

ಟೆಲ್ಯೂರಿಯಮ್ ಇರುವ ಹರಳುಗಳಲ್ಲಿ ಹೆಚ್ಚುವರಿ ಕಬ್ಬಿಣದ ಪರಮಾಣುಗಳು ಪದರಗಳ ನಡುವೆ ನುಸುಳಿ ಕೂರುತ್ತವೆ. ಅವುಗಳ ಕಾಂತತೆ ಎಲೆಕ್ಟ್ರಾನ್ ಜೋಡಿಗಳಿಗೆ ಕಂಟಕ. ಅವನ್ನು ಹೊರಗೆಳೆಯಲು ಹರಳನ್ನು ಮಿತವಾದ ಆಮ್ಲಜನಕದಲ್ಲಿ ಕೆಲವು ನೂರು ಡಿಗ್ರಿಗಳಲ್ಲಿ ಕಾಯಿಸುತ್ತಾರೆ. ಆಮ್ಲಜನಕ ಹೆಚ್ಚಾದರೆ ಹರಳೇ ಕೆಡುತ್ತದೆ.

ಜಪಾನಿನ ತ್ಸುಕುಬಾದ ವಿಜ್ಞಾನಿಗಳು ವಿಚಿತ್ರವೆನಿಸುವ ಪ್ರಯೋಗವೊಂದನ್ನು 2011ರಲ್ಲಿ ಪ್ರಕಟಿಸಿದರು. ಕಬ್ಬಿಣ-ಟೆಲ್ಯೂರಿಯಮ್-ಗಂಧಕದ ನಮೂನೆಗಳನ್ನು ಅವರು ಬೇರೆಬೇರೆ ಮದ್ಯಗಳಲ್ಲಿ ಮುಳುಗಿಸಿ, 70 ಡಿಗ್ರಿಯಲ್ಲಿ 24 ಗಂಟೆ ಇಟ್ಟರು. ಬರೀ ನೀರು-ಆಲ್ಕೊಹಾಲ್ ಮಿಶ್ರಣದಲ್ಲಿ ಅತಿವಾಹಕವಾದ ಭಾಗ ನೂರಕ್ಕೆ 15ನ್ನು ಮುಟ್ಟಲಿಲ್ಲ. ಕೆಂಪು ದ್ರಾಕ್ಷಾಮದ್ಯದಲ್ಲಿ ಅದು ನೂರಕ್ಕೆ 62ರಷ್ಟಾಯಿತು. ಮದ್ಯದ ಅಮಲಿಗೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿರುವ ಮ್ಯಾಲಿಕ್, ಸಿಟ್ರಿಕ್ ಮುಂತಾದ ಸಾವಯವ ಪದಾರ್ಥಗಳು ಹೆಚ್ಚುವರಿ ಕಬ್ಬಿಣವನ್ನು ಕರಗಿಸಿ ಹೊರತೆಗೆಯುತ್ತವೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ನಿಂಬೆಹುಳಿಯಲ್ಲಿರುವುದೂ ಸಿಟ್ರಿಕ್ ಆಮ್ಲವೇ ಎಂಬುದನ್ನು ವಿದ್ಯಾರ್ಥಿಗಳಿಗೆ ನೆನಪಿಸಬಹುದು.

ತಂತಿಯಾಗುವ ದಾರಿಯಲ್ಲಿ

ಈ ವಸ್ತುಗಳು ಪ್ರಬಲ ಕಾಂತಕ್ಷೇತ್ರದಲ್ಲೂ ಅತಿವಾಹಕತೆಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಬಲವಾದ ವಿದ್ಯುತ್ಕಾಂತಗಳಿಗೆ ಇವುಗಳ ತಂತಿ ಬೇಕು. ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ, ಎಳೆದು ತಂತಿ ಮಾಡಿ ಕಾಯಿಸುತ್ತಾರೆ. ಕಾವು ಕಡಿಮೆಯಾದರೆ ಕಣಗಳು ಸರಿಯಾಗಿ ಬೆಸೆಯುವುದಿಲ್ಲ. ಹೆಚ್ಚಾದರೆ ಪೊಟ್ಯಾಸಿಯಮ್‌ನಂಥ ಬೇಗ ಆವಿಯಾಗುವ ಧಾತುಗಳು ನಷ್ಟವಾಗುತ್ತವೆ. 2012ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಅಧಿಕ ಒತ್ತಡದಲ್ಲಿ, ಕೇವಲ 600 ಡಿಗ್ರಿಯಲ್ಲಿ ಕಾಯಿಸಿ ಸಣ್ಣ ಕಣಗಳ ಗಟ್ಟಿ ತಂತಿ ಪಡೆದರು. 2014ರಲ್ಲಿ ಬೀಜಿಂಗಿನ ತಂಡದ ಪಟ್ಟಿ, 10 ಟೆಸ್ಲಾ ಕ್ಷೇತ್ರದಲ್ಲಿ, 4.2 ಕೆಲ್ವಿನ್ ತಾಪದಲ್ಲಿ ಚದರ ಸೆಂಟಿಮೀಟರಿಗೆ 1 ಲಕ್ಷ ಆಂಪೇರ್ ಪ್ರವಾಹ ಹೊತ್ತಿತು. 2016ರಲ್ಲಿ ಅದೇ ತಂಡ 100 ಮೀಟರ್ ಉದ್ದದ ತಂತಿ ತಯಾರಿಸಿತು.

ಸೂತ್ರವಷ್ಟೇ ಸಾಲದು

ರಸಾಯನಶಾಸ್ತ್ರದ ಪಾಠದಲ್ಲಿ ನಾವು ವಸ್ತುವನ್ನು ಅದರ ಸೂತ್ರದಿಂದ ಗುರುತಿಸುತ್ತೇವೆ. ಆದರೆ ಒಂದೇ ಸೂತ್ರದ ಎರಡು ಹರಳುಗಳು ಎರಡು ಬಗೆಯಾಗಿ ವರ್ತಿಸುವುದನ್ನು ನೋಡಿದೆವು. ಎರಡು ಪ್ರಯೋಗಾಲಯಗಳ ಫಲಿತಾಂಶ ಹೊಂದದಿದ್ದಾಗ ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕೆಂದಿಲ್ಲ. ಎಷ್ಟು ಕಾಯಿಸಿದರು, ಎಷ್ಟು ಹೊತ್ತು, ಹೇಗೆ ತಣಿಸಿದರು ಎಂದು ಮೊದಲು ಕೇಳಬೇಕು. ಗುಣ ವಸ್ತುವಿನದೋ, ತಯಾರಿಕೆಯದೋ ಎಂಬುದು ತೀರ್ಮಾನವಾಗುವುದು ಆಗಲೇ.

ನಿಮ್ಮ ಶಾಲೆಯಲ್ಲಿ ಸೂಜಿಯ ಪ್ರಯೋಗ ಮಾಡಿಸಿದಾಗ ಫಲಿತಾಂಶದ ಜೊತೆಗೆ ವಿಧಾನವನ್ನೂ ಬರೆದಿಡಲು ಮಕ್ಕಳಿಗೆ ಹೇಳಿ. ಸೂಜಿ ಎಷ್ಟು ಕೆಂಪಾಗಿತ್ತು? ತಣಿಸಿದ್ದು ನೀರಿನಲ್ಲೋ, ಎಣ್ಣೆಯಲ್ಲೋ, ಗಾಳಿಯಲ್ಲೋ? ಅದನ್ನು ಬರೆಯದಿದ್ದರೆ, ಒಂದೇ ಪೊಟ್ಟಣದ ಸೂಜಿಗಳಲ್ಲಿ ಒಂದು ಬಾಗಿದ್ದೇಕೆ, ಇನ್ನೊಂದು ಮುರಿದದ್ದೇಕೆ ಎಂದು ನಾಳೆ ಯಾರೂ ಹೇಳಲಾರರು.